ಗಂಧಕಕ್ಕೆ ವಿನಾಯಿತಿ ಸಿಕ್ಕಿತು, ಬೂದಿಯ ಲೆಕ್ಕ ಕೇಳುವವರು ಯಾರು?

ಶಾಲೆಮಾಸ್ತರ | ಭಾನುವಾರ, ಬೆಳಿಗ್ಗೆ 7.40

ಕಲ್ಲಿದ್ದಲು ಸುಡುವ ಒಂದು ವಿದ್ಯುತ್ ಸ್ಥಾವರದಿಂದ ಐದಾರು ಕಿಲೋಮೀಟರ್ ದೂರದ ಊರಿನಲ್ಲಿ ನಾನು ಪ್ರೌಢಶಾಲೆಯ ವಿಜ್ಞಾನ ಮಾಸ್ತರ. ಯಾವ ಸ್ಥಾವರ ಎಂದು ಬರೆಯುವುದಿಲ್ಲ. ನನ್ನ ತರಗತಿಯ ಅರ್ಧದಷ್ಟು ಮಕ್ಕಳ ತಂದೆಯಂದಿರು ಅಲ್ಲಿಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ನನ್ನ ಬಾಡಿಗೆ ಮನೆಯ ಮಾಲೀಕರೂ ಅಲ್ಲಿಯವರೇ.

ಮೊನ್ನೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಳೆಯ ಪತ್ರಿಕೆಯ ತುಣುಕೊಂದನ್ನು ತಂದು ತೋರಿಸಿದಳು. ರೊಟ್ಟಿ ಸುತ್ತಿದ್ದ ಹಾಳೆಯಂತೆ, ಎಣ್ಣೆಯ ಕಲೆ ಇನ್ನೂ ಇತ್ತು. ವಿದ್ಯುತ್ ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡ್ ಮಿತಿಯಿಂದ ವಿನಾಯಿತಿ ಸಿಕ್ಕ ಸುದ್ದಿ ಅದರಲ್ಲಿತ್ತು. "ವಿನಾಯಿತಿ ಎಂದರೆ ಇನ್ನು ಮೇಲೆ ಹೊಗೆ ಬರುವುದಿಲ್ಲ ಎಂದೇ ಸರ್?" ಎಂದು ಕೇಳಿದಳು. ಇಲ್ಲಮ್ಮ, ವಿನಾಯಿತಿ ಕೊಟ್ಟಿರುವುದು ಹೊಗೆ ಬಿಡುವವರಿಗೆ ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ.

ಮನೆಗೆ ಬಂದು ಈ ವಿಷಯದ ಹಿಂದಿನ ಕಥೆಯನ್ನು ಓದಿದೆ. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಹೊಸ ಮಿತಿಗಳನ್ನು ಹೊರಡಿಸಿತು. ಅಲ್ಲಿಯ ತನಕ ಚಿಮಣಿಯಿಂದ ಬರುವ ದೂಳಿಗೆ ಮಾತ್ರ ಮಿತಿ ಇತ್ತು. ಗಂಧಕದ ವಿಷಯದಲ್ಲಿ ಇದ್ದದ್ದು ಚಿಮಣಿಯ ಎತ್ತರದ ನಿಯಮ ಅಷ್ಟೇ. 500 ಮೆಗಾವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕವಾದರೆ 275 ಮೀಟರ್. ಎತ್ತರದಿಂದ ಬಿಟ್ಟರೆ ಸಾಕು, ಎಷ್ಟು ಬಿಟ್ಟಿರಿ ಎಂದು ಯಾರೂ ಕೇಳುತ್ತಿರಲಿಲ್ಲ. 2015ರಲ್ಲಿ ಮೊದಲ ಬಾರಿಗೆ ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳು ಮತ್ತು ಪಾದರಸ, ಮೂರಕ್ಕೂ ಅಂಕಿಯಲ್ಲಿ ಮಿತಿ ಬಂತು. ಎರಡು ವರ್ಷದ ಗಡುವು.

ಆಮೇಲಿನದು ಹೀಗಿದೆ: 2017 ಹೋಗಿ 2022 ಆಯಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿ ಸಿ ಗುಂಪಿಗೆ 2024 ಎಂದರು. 2022ರಲ್ಲಿ ಅದು 2026 ಆಯಿತು. 2024ರ ಡಿಸೆಂಬರ್ ಕೊನೆಗೆ 2029 ಆಯಿತು. ಆರೇ ತಿಂಗಳು ಕಳೆದು 2025ರ ಜುಲೈ 11ರಂದು ಸಿ ಗುಂಪಿಗೆ ಗಂಧಕದ ಮಿತಿಯೇ ಬೇಡ, ಚಿಮಣಿಯ ಎತ್ತರ ಸರಿಯಿದ್ದರೆ ಸಾಕು ಎಂದರು. ಪರೀಕ್ಷೆಯನ್ನು ಹತ್ತು ವರ್ಷ ಮುಂದೂಡಿ, ಕೊನೆಗೆ ಹಾಜರಾತಿ ನೋಡಿ ಪಾಸು ಮಾಡಿದ ಹಾಗೆ.

ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದಿಂದ 10 ಕಿಲೋಮೀಟರ್ ಒಳಗಿದ್ದರೆ ಎ ಗುಂಪು. ನಮ್ಮ ರಾಜ್ಯದ ಸ್ಥಾವರಗಳಿರುವ ಶಕ್ತಿನಗರ, ಯರಮರಸ್, ಕುಡತಿನಿ, ಕೂಡಗಿ, ನಂದಿಕೂರು ಯಾವುದೂ ಅದಕ್ಕೆ ಬರುವುದಿಲ್ಲ. ದೇಶದ ಸುಮಾರು 600 ಘಟಕಗಳಲ್ಲಿ ಐದಕ್ಕೆ ನಾಲ್ಕು ಸಿ ಗುಂಪಿನಲ್ಲೇ ಇವೆ.

ಇದು ಸರಿಯೋ ತಪ್ಪೋ? ವಿಷಯ ಗೊತ್ತಿದ್ದವರು ಬಿಡಿಸಿ ಹೇಳಿ. ನಾಳೆ ಆ ಹುಡುಗಿಗೆ ಉತ್ತರ ಹೇಳಬೇಕು.

ಲೆಕ್ಕಪತ್ರ | ಭಾನುವಾರ, ಬೆಳಿಗ್ಗೆ 9.15

ಮಾಸ್ತರೇ, ವಿದ್ಯುತ್ ದರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನು ನಾನು. ಬೈಯುವ ಮೊದಲು ಹಣದ ಕಡೆಯನ್ನೂ ನೋಡಿ.

ಹೊಗೆಯಿಂದ ಗಂಧಕ ತೆಗೆಯುವ ಯಂತ್ರಕ್ಕೆ ಎಫ್‌ಜಿಡಿ ಎನ್ನುತ್ತಾರೆ. ಸುಣ್ಣದಕಲ್ಲಿನ ಪುಡಿಯನ್ನು ನೀರಿನಲ್ಲಿ ಕದಡಿ, ಹೊಗೆ ಮೇಲೇರುವ ದೊಡ್ಡ ಗೋಪುರದಲ್ಲಿ ಮಳೆಯಂತೆ ಸುರಿಸುವುದು. ಗಂಧಕ ಸುಣ್ಣದ ಜೊತೆ ಸೇರಿ ಜಿಪ್ಸಂ ಆಗಿ ಕೆಳಗಿಳಿಯುತ್ತದೆ. ಪ್ರತಿ ಮೆಗಾವ್ಯಾಟಿಗೆ ಒಂದು ಕೋಟಿ ರೂಪಾಯಿಗಿಂತ ಮೇಲೆ ಖರ್ಚು. 210 ಮೆಗಾವ್ಯಾಟಿನ ಒಂದು ಘಟಕಕ್ಕೆ ಇನ್ನೂರು ಕೋಟಿ ದಾಟುತ್ತದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರ್‌ಟಿಪಿಎಸ್‌ನಲ್ಲಿ ಅಂಥ ಘಟಕಗಳು ಏಳಿವೆ, 250ರದು ಒಂದಿದೆ. ಮೊದಲನೆಯದು 1985ರದು. ನಲವತ್ತು ವರ್ಷದ ಎತ್ತಿಗೆ ಬೆಳ್ಳಿಯ ಕೋಡಣಸು ಮಾಡಿಸುತ್ತೀರಾ?

ಈ ವಿನಾಯಿತಿಯಿಂದ ಯೂನಿಟ್ಟಿಗೆ 25ರಿಂದ 30 ಪೈಸೆ ಉಳಿಯುತ್ತದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಹಣವನ್ನು ಯಾರು ಕೊಡಬೇಕಿತ್ತು? ಪಂಪ್‌ಸೆಟ್ಟಿಗೆ ಉಚಿತ, ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಉಚಿತ. ಅಂದರೆ ಒಂದಷ್ಟು ಸರ್ಕಾರದ ಸಹಾಯಧನದ ಖಾತೆಗೆ, ಉಳಿದದ್ದು ಕಾರ್ಖಾನೆ, ಅಂಗಡಿ, ಹಿಟ್ಟಿನ ಗಿರಣಿಗಳ ಬಿಲ್ಲಿಗೆ.

ಇನ್ನೊಂದು ಸೂಕ್ಷ್ಮವನ್ನು ಹೊರಗಿನವರು ಗಮನಿಸುವುದಿಲ್ಲ. ಯಾವ ಸ್ಥಾವರದ ವಿದ್ಯುತ್ ಅಗ್ಗವೋ ಅದನ್ನೇ ಮೊದಲು ಕೊಳ್ಳುವುದು ಕ್ರಮ. ಎಫ್‌ಜಿಡಿ ಓಡಿಸಿದರೆ ಸುಣ್ಣದಕಲ್ಲಿನ ಖರ್ಚು ಬರುತ್ತದೆ, ಒಳಗಿನ ವಿದ್ಯುತ್ ಬಳಕೆ ಏರುತ್ತದೆ, ಯೂನಿಟ್ಟಿನ ಬೆಲೆ ಹೆಚ್ಚುತ್ತದೆ, ಸಾಲಿನಲ್ಲಿ ಹಿಂದೆ ಬೀಳುತ್ತದೆ. ನಿಯಮ ಪಾಲಿಸಿದವನ ಘಟಕ ನಿಲ್ಲುತ್ತದೆ, ಪಾಲಿಸದವನದು ಓಡುತ್ತದೆ. ಹೀಗಿರುವಾಗ ಮೊದಲು ಹಾಕಿದವನೇ ಪೆದ್ದ. ಗಡುವುಗಳು ಏಕೆ ಸರಿದವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ತೊಗರಿಹೊಲ | ಭಾನುವಾರ, ಮಧ್ಯಾಹ್ನ 12.05

ನಾನು ಓದಿದ್ದು ಪಿಯುಸಿ ತನಕ, ಆದ್ದರಿಂದ ಮೇಲಿನದು ಅರ್ಧ ಅರ್ಥವಾಯಿತು. ನಮ್ಮ ಹೊಲವೂ ಇಂಥದ್ದೇ ಒಂದು ಸ್ಥಾವರದ ಪಕ್ಕದಲ್ಲಿದೆ. ನಾನೂ ಹೆಸರು ಹೇಳುವುದಿಲ್ಲ.

ಬೇಸಿಗೆಯಲ್ಲಿ ಶಾವಿಗೆ ಹೊಸೆದು ಮಾಳಿಗೆಯ ಮೇಲೆ ಒಣಹಾಕುತ್ತೇವೆ. ಬೆಳಿಗ್ಗೆ ಹಾಕಿದ ಬಿಳಿ ಶಾವಿಗೆ ಸಂಜೆಗೆ ರಾಗಿ ಶಾವಿಗೆಯಂತೆ ಕಾಣುತ್ತದೆ. ಬೆರಳಿನಿಂದ ಒರೆಸಿದರೆ ಸಣ್ಣನೆಯ ಬೂದಿ, ಪೌಡರಿನಂತೆ ನುಣ್ಣಗೆ. ಹೊಲದ ದೂಳಾದರೆ ಉಗುರಿನ ಸಂದಿಯಲ್ಲಿ ಹರಳುಹರಳಾಗಿ ಸಿಗುತ್ತದೆ, ಇದು ಜಾರಿಹೋಗುತ್ತದೆ. ಆ ವ್ಯತ್ಯಾಸ ನಮಗೆ ಕೈಗೇ ಗೊತ್ತು. ದನ ಕುಡಿಯುವ ತೊಟ್ಟಿಯ ನೀರಿನ ಮೇಲೆ ಹಾಲಿನ ಕೆನೆಯಂತೆ ಕಟ್ಟಿಕೊಂಡಿರುತ್ತದೆ. ಹೋದ ವರ್ಷ ಹತ್ತಿ ಬಿಡಿಸಿ ಒಯ್ದಾಗ ದಲ್ಲಾಳಿ ಮುಷ್ಟಿಯಲ್ಲಿ ಹಿಡಿದು, ಬೆಳಕಿಗೆ ತೋರಿಸಿ, "ಅಕ್ಕಾ, ಇದು ಚಿಮಣಿ ಕಡೆಯ ಮಾಲಲ್ಲವೇ" ಎಂದು ಕ್ವಿಂಟಲಿಗೆ ಇನ್ನೂರು ಮುರಿದುಕೊಂಡ.

ನೀವೆಲ್ಲ ಗಂಧಕ, ಗಂಧಕ ಎನ್ನುತ್ತಿದ್ದೀರಿ. ನನ್ನ ಶಾವಿಗೆಯ ಮೇಲೆ ಬೀಳುವುದು ಗಂಧಕವೇ?

ನಿವೃತ್ತ ಬಾಯ್ಲರ್ | ಭಾನುವಾರ, ಸಂಜೆ 5.30

ಅಲ್ಲ ತಾಯಿ. ನಿಮ್ಮ ಮಾಳಿಗೆಯ ಮೇಲೆ ಬೀಳುವುದು ಹಾರುಬೂದಿ. ಗಂಧಕದ ಡೈಆಕ್ಸೈಡ್ ಕಣ್ಣಿಗೆ ಕಾಣದ ಅನಿಲ. ಎರಡಕ್ಕೂ ಬೇರೆ ಯಂತ್ರ, ಬೇರೆ ಮಿತಿ. ವಿನಾಯಿತಿ ಸಿಕ್ಕಿರುವುದು ಗಂಧಕಕ್ಕೆ ಮಾತ್ರ. ಬೂದಿಯ ಮಿತಿ ಇವತ್ತಿಗೂ ಜಾರಿಯಲ್ಲಿದೆ. 2003ರ ಕೊನೆಗೆ ಮೊದಲು ಬಂದ ಘಟಕಕ್ಕೆ ಘನ ಮೀಟರಿಗೆ 100 ಮಿಲಿಗ್ರಾಂ, ಅಲ್ಲಿಂದ 2016ರ ಕೊನೆಯ ತನಕ ಬಂದದ್ದಕ್ಕೆ 50, ಆಮೇಲಿನದಕ್ಕೆ 30. ಇದನ್ನು ಎಲ್ಲರೂ ಮರೆತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೆರಡು ವರ್ಷ ಬಾಯ್ಲರ್ ಮತ್ತು ಇಎಸ್‌ಪಿ ವಿಭಾಗದಲ್ಲಿ ದುಡಿದವನು. ಎಲ್ಲಿ ಎಂಬುದು ಬೇಡ, ಪಿಂಚಣಿ ಬರುತ್ತಿದೆ.

ಒಂದು 210 ಮೆಗಾವ್ಯಾಟ್ ಘಟಕ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 3,500 ಟನ್ ಕಲ್ಲಿದ್ದಲು ತಿನ್ನುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿ. ಅಂದರೆ ದಿನಕ್ಕೆ ಸಾವಿರಕ್ಕೂ ಮಿಕ್ಕಿದ ಟನ್. ಅದರಲ್ಲಿ ಐದನೆಯ ಒಂದು ಪಾಲು ಬಾಯ್ಲರಿನ ತಳಕ್ಕೆ ಬೀಳುತ್ತದೆ, ಉಳಿದ ಸುಮಾರು ಸಾವಿರ ಟನ್ ಹೊಗೆಯ ಜೊತೆ ಹಾರುತ್ತದೆ. ಅದನ್ನು ಹಿಡಿಯುವುದೇ ಇಎಸ್‌ಪಿ. ಮೂರಂತಸ್ತಿನ ಮನೆಗಿಂತ ಎತ್ತರದ ಕಬ್ಬಿಣದ ಕೋಣೆಗಳು, ಒಳಗೆ ಸಾಲುಸಾಲು ತಗಡು, ನಡುವೆ ಹತ್ತಾರು ಸಾವಿರ ವೋಲ್ಟಿನ ತಂತಿಗಳು. ಬೂದಿಯ ಕಣಕ್ಕೆ ವಿದ್ಯುದಂಶ ತಗಲಿ ತಗಡಿಗೆ ಅಂಟುತ್ತದೆ. ಸುತ್ತಿಗೆಗಳು ಗಳಿಗೆಗೊಮ್ಮೆ ತಗಡನ್ನು ತಟ್ಟುತ್ತವೆ, ಬೂದಿ ಉದುರಿ ಕೆಳಗಿನ ಹಾಪರಿಗೆ ಬೀಳುತ್ತದೆ.

ಈಗ ಲೆಕ್ಕ ನೋಡಿ. ನೂರಕ್ಕೆ 99.9 ಹಿಡಿದರೆ ಆಕಾಶಕ್ಕೆ ಹೋಗುವುದು ದಿನಕ್ಕೆ ಒಂದು ಟನ್. 99.5 ಹಿಡಿದರೆ ಐದು ಟನ್. ಕಾಗದದ ಮೇಲೆ ಎರಡೂ ತೊಂಬತ್ತೊಂಬತ್ತರ ಮೇಲೆಯೇ! ದಶಮಾಂಶದ ಆಚೆಗಿನ ಆ ಒಂದು ಅಂಕಿಯಲ್ಲಿ ನಿಮ್ಮ ಶಾವಿಗೆ ಇದೆ.

ಆ ಅಂಕಿ ಹೇಗೆ ಬೀಳುತ್ತದೆ ಎಂದೂ ಹೇಳುತ್ತೇನೆ. ಹಾಪರಿನ ಬೂದಿಯನ್ನು ಹೊತ್ತಿಗೆ ಸರಿಯಾಗಿ ಎಳೆದು ತೆಗೆಯದಿದ್ದರೆ ತುಂಬುತ್ತಾ ತುಂಬುತ್ತಾ ತಂತಿಯ ತನಕ ಬರುತ್ತದೆ, ಶಾರ್ಟ್ ಆಗುತ್ತದೆ, ಆ ಫೀಲ್ಡ್, ಅಂದರೆ ಇಎಸ್‌ಪಿಯ ಆ ಭಾಗ, ಟ್ರಿಪ್ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಗುತ್ತಿಗೆ ಹುಡುಗರು ಹಾಪರಿನ ಬಾಯಿಗೆ ಕಬ್ಬಿಣದ ಸಲಾಕೆ ಹಾಕಿ ಚುಚ್ಚುತ್ತಿರುತ್ತಾರೆ. ಬಿಸಿ ಬೂದಿ ಒಮ್ಮೆಲೇ ನೀರಿನಂತೆ ನುಗ್ಗುತ್ತದೆ, ಕಾಲು ಸುಟ್ಟುಕೊಂಡವರನ್ನು ನೋಡಿದ್ದೇನೆ. ಒಂದು ಫೀಲ್ಡ್ ಬಿದ್ದಿತೆಂದು ಘಟಕ ನಿಲ್ಲಿಸುವುದಿಲ್ಲ. ಲೋಡ್ ಬೇಕು, ಮೇಲಿನಿಂದ ಫೋನ್ ಬರುತ್ತಿರುತ್ತದೆ.

ಎರಡನೆಯದು, ಘಟಕ ಹೊತ್ತಿಸುವಾಗ ಎಣ್ಣೆ ಸುಡುತ್ತಾರೆ. ಅರೆಬೆಂದ ಎಣ್ಣೆಯ ಜಿಡ್ಡು ತಗಡಿಗೆ ಅಂಟಬಾರದೆಂದು ಆ ಹೊತ್ತಿನಲ್ಲಿ ಇಎಸ್‌ಪಿಯ ಬಹುಪಾಲು ಫೀಲ್ಡುಗಳನ್ನು ಚಾಲೂ ಮಾಡುವುದಿಲ್ಲ. "ರಾತ್ರಿ ಬೇಕೆಂದೇ ಆಫ್ ಮಾಡುತ್ತಾರೆ" ಎಂದು ಊರವರು ಹೇಳುವ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಹಿಂದೆ ವರ್ಷಕ್ಕೆ ಕೆಲವೇ ಸಲ ಹೊತ್ತಿಸುತ್ತಿದ್ದೆವು. ಈಗ ಪಾವಗಡದಂಥ ಕಡೆಯಿಂದ ಹಗಲಿಡೀ ಸೌರ ವಿದ್ಯುತ್ ಬರುತ್ತದೆ, ಮಳೆಗಾಲದಲ್ಲಿ ಶರಾವತಿ ಓಡುತ್ತದೆ. ಕಲ್ಲಿದ್ದಲು ಘಟಕ ಇಳಿಸು, ಏರಿಸು, ನಿಲ್ಲಿಸು, ಹೊತ್ತಿಸು. ಪ್ರತಿ ಸಲ ಹೊತ್ತಿಸಿದಾಗಲೂ ಒಂದಷ್ಟು ಹೊಗೆ.

ಮೂರನೆಯದು ಚಿಮಣಿಯೇ ಅಲ್ಲ, ಬೂದಿಹೊಂಡ. ಬೇಸಿಗೆಯಲ್ಲಿ ಮೇಲ್ಪದರ ಒಣಗಿ ಗಾಳಿಗೆ ಏಳುತ್ತದೆ. ನೀರು ಚಿಮುಕಿಸುವ ಪೈಪು ಸರಿಯಿದ್ದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಅದಕ್ಕೆ ಇನ್ನೂರು ಕೋಟಿ ಬೇಡ.

ಮಲ್ಲೇಶ್ವರದವನು | ಭಾನುವಾರ, ರಾತ್ರಿ 8.10

ಕಲ್ಲಿದ್ದಲು ಬೇಡ, ಅಣು ಬೇಡ, ಅಣೆಕಟ್ಟು ಬೇಡ. ಸಂಜೆ ಏಳರ ಮೇಲೆ ಸೂರ್ಯ ಇರುವುದಿಲ್ಲ ಸ್ವಾಮಿ. ಲೋಡ್ ಶೆಡ್ಡಿಂಗ್ ಆದರೆ ಇದೇ ಜನ ಎಸ್ಕಾಂ ಕಚೇರಿಗೆ ಕಲ್ಲು ಹೊಡೆಯುತ್ತಾರೆ.

ತೊಗರಿಹೊಲ | ಭಾನುವಾರ, ರಾತ್ರಿ 8.25

ಅಣ್ಣಾ, ಬೇಡ ಎಂದು ನಾನು ಎಲ್ಲಿ ಬರೆದೆ? ನಮ್ಮ ಮನೆಯಲ್ಲೂ ಮಿಕ್ಸಿ ಇದೆ. ಹೊಂಡಕ್ಕೆ ನೀರು ಚಿಮುಕಿಸಿರಿ ಎಂದರೆ ನಿಮ್ಮ ಮನೆಯ ದೀಪ ಆರುತ್ತದೆಯೇ?

ಗಾಳಿಮಾಪಕ | ಭಾನುವಾರ, ರಾತ್ರಿ 10.50

ನಿವೃತ್ತ ಬಾಯ್ಲರ್ ಅವರ ಬರಹ ಬಲು ಉಪಯುಕ್ತ. ಆದರೆ ಗಂಧಕವನ್ನು ಹಾಗೆ ಬಿಟ್ಟುಕೊಡಬೇಡಿ ಸರ್. ನಾನು ಗಾಳಿಯ ಗುಣಮಟ್ಟ ಅಳೆಯುವ ಕೆಲಸ ಮಾಡುತ್ತೇನೆ.

ವಿನಾಯಿತಿಯ ಪರವಾದ ವಾದ ಹೀಗಿದೆ: ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅರ್ಧ ಶೇಕಡಾದ ಆಸುಪಾಸು. ನಗರಗಳ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಈಗಾಗಲೇ ಮಿತಿಯ ಒಳಗಿದೆ. ಎಫ್‌ಜಿಡಿ ಇರುವ ಕಡೆಗೂ ಇಲ್ಲದ ಕಡೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಸುಣ್ಣದಕಲ್ಲು ಅಗೆದು ಸಾಗಿಸಿ ಬಳಸಿದರೆ ಇಂಗಾಲದ ಡೈಆಕ್ಸೈಡ್ ಬೇರೆ ಹೆಚ್ಚುತ್ತದೆ. ಐಐಟಿ ದೆಹಲಿ, ಪರಿಸರ ಸಂಶೋಧನಾ ಸಂಸ್ಥೆ ನೀರಿ ಮತ್ತು ನಮ್ಮ ಬೆಂಗಳೂರಿನದೇ ಆದ ನಿಯಾಸ್ ಸಂಸ್ಥೆಯ ಅಧ್ಯಯನಗಳು ಇದಕ್ಕೆ ಆಧಾರವಾದವು. ವಾದವನ್ನು ತಳ್ಳಿಹಾಕುವಂತಿಲ್ಲ, ಸಣ್ಣ ಜನ ಮಾಡಿದ ಕೆಲಸವಲ್ಲ.

ಆದರೆ ನಿಮ್ಮದೇ ಅಂಕಿ ತೆಗೆದುಕೊಳ್ಳಿ. ದಿನಕ್ಕೆ 3,500 ಟನ್ ಕಲ್ಲಿದ್ದಲು, ಅದರಲ್ಲಿ ಗಂಧಕ ಅರ್ಧ ಶೇಕಡಾ ಎಂದರೆ ಹದಿನೇಳೂವರೆ ಟನ್. ಸುಟ್ಟಾಗ ಆಮ್ಲಜನಕ ಸೇರಿ ತೂಕ ಇಮ್ಮಡಿ, 35 ಟನ್ ಅನಿಲ. ಅಷ್ಟು ದೊಡ್ಡ ಘಟಕದ ಹೊಗೆಯ ಗಾತ್ರಕ್ಕೆ ಭಾಗಿಸಿದರೆ ಘನ ಮೀಟರಿಗೆ ಸುಮಾರು 1,500 ಮಿಲಿಗ್ರಾಂ ಬರುತ್ತದೆ. 2015ರ ಮಿತಿ ಸಣ್ಣ ಘಟಕಕ್ಕೆ 600, ದೊಡ್ಡದಕ್ಕೆ 200. ಗಂಧಕ ಕಡಿಮೆ ಇರುವುದು ನಿಜ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಶಾಖವೂ ಕಡಿಮೆ, ಹಾಗಾಗಿ ಹೆಚ್ಚು ಸುಡುತ್ತೇವೆ. ಉಪ್ಪು ಕಡಿಮೆ ಹಾಕಿದ್ದೇನೆ ಎಂದು ಎರಡು ಬಟ್ಟಲು ಸಾರು ಕುಡಿಸಿದ ಹಾಗೆ.

ಎರಡನೆಯ ಮಾತು. 275 ಮೀಟರ್ ಚಿಮಣಿಯ ಬುಡದಲ್ಲಿ ನಿಂತು ಅಳೆದರೆ ಗಂಧಕದ ಡೈಆಕ್ಸೈಡ್ ಕಡಿಮೆಯೇ ಸಿಗುತ್ತದೆ. ಎತ್ತರದ ಚಿಮಣಿ ಕಟ್ಟುವುದೇ ಅದಕ್ಕೆ. ಆ ಅನಿಲ ಗಾಳಿಯಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ತೇಲುತ್ತಾ ಸಲ್ಫೇಟ್ ಆಗುತ್ತದೆ. ಹೊಲಗಳ ಯೂರಿಯಾದಿಂದ, ಕೊಟ್ಟಿಗೆಗಳಿಂದ ಏಳುವ ಅಮೋನಿಯಾ ಜೊತೆ ಕೂಡಿ ಅಮೋನಿಯಂ ಸಲ್ಫೇಟಿನ ಅತಿ ಸಣ್ಣ ಕಣವಾಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಎನ್ನುತ್ತಾರಲ್ಲ, ಅದರಲ್ಲಿ ಇದೂ ಸೇರಿದೆ. ಅಷ್ಟು ಹೊತ್ತಿಗೆ ಅದು ನೂರಾರು ಕಿಲೋಮೀಟರ್ ದಾಟಿರುತ್ತದೆ. ಅಲ್ಲಿ ಅಳೆಯುವವನಿಗೆ ಅದು ಗಂಧಕದ ಡೈಆಕ್ಸೈಡ್ ಲೆಕ್ಕದಲ್ಲಿ ಸಿಗುವುದೇ ಇಲ್ಲ. ನಗರದಿಂದ 10 ಕಿಲೋಮೀಟರ್ ಎಂದು ವೃತ್ತ ಎಳೆದದ್ದು ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ.

ನಿವೃತ್ತ ಬಾಯ್ಲರ್ | ಸೋಮವಾರ, ಬೆಳಿಗ್ಗೆ 6.15

ಲೆಕ್ಕ ಸರಿಯಿದೆ. ಒಪ್ಪಿದೆ.

ಒಂದು ತಮಾಷೆ ಸೇರಿಸುತ್ತೇನೆ. ಗಂಧಕ ಕಡಿಮೆ ಇರುವುದೇ ಇಎಸ್‌ಪಿಗೆ ತೊಂದರೆ. ಹೊಗೆಯಲ್ಲಿ ಸ್ವಲ್ಪ ಗಂಧಕದ ಟ್ರೈಆಕ್ಸೈಡ್ ಇದ್ದರೆ ಬೂದಿಯ ಕಣದ ಮೇಲೆ ಲೇಪವಾಗಿ ಅದು ವಿದ್ಯುತ್ತಿಗೆ ಸುಲಭವಾಗಿ ಒಲಿಯುತ್ತದೆ. ನಮ್ಮ ಬೂದಿ ಬಹಳ ಹಠಮಾರಿ, ಹಿಡಿಯಲು ಇಎಸ್‌ಪಿಯನ್ನು ಹೊರದೇಶದವರಿಗಿಂತ ದೊಡ್ಡದಾಗಿ ಕಟ್ಟಬೇಕು. ಕೆಲವು ಕಡೆ ಬೂದಿಯನ್ನು ಹದ ಮಾಡಲು ಅಮೋನಿಯಾವನ್ನೋ ಗಂಧಕದ ಟ್ರೈಆಕ್ಸೈಡನ್ನೋ ಹೊಗೆಗೆ ಸೇರಿಸುವ ಏರ್ಪಾಡು ಇರುತ್ತದೆ. ಕಡಿಮೆ ಗಂಧಕ ನಮ್ಮ ಪುಣ್ಯ ಎಂದು ಹೇಳುವವರು ಈ ಅರ್ಧವನ್ನು ಹೇಳುವುದಿಲ್ಲ.

ಪಿಟ್ಸ್‌ಬರ್ಗ್ ಕನ್ನಡಿಗ | ಸೋಮವಾರ, ಬೆಳಿಗ್ಗೆ 8.00

ಪೆನ್ಸಿಲ್ವೇನಿಯಾದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಹೋಮರ್ ಸಿಟಿ ಎಂಬ ಊರು. ಅಲ್ಲಿನ ಕಲ್ಲಿದ್ದಲು ಸ್ಥಾವರದ ಒಂದು ಚಿಮಣಿ 1,217 ಅಡಿ, ಅಂದರೆ 371 ಮೀಟರ್. ಹೆದ್ದಾರಿಯಲ್ಲಿ ಹೋಗುವಾಗ ಮಕ್ಕಳು ಅದನ್ನು ನೋಡಿಯೇ "ಅರ್ಧ ದಾರಿ ಬಂತು" ಎನ್ನುತ್ತಿದ್ದರು. 2023ರಲ್ಲಿ ಸ್ಥಾವರ ಮುಚ್ಚಿತು, 2025ರ ಮಾರ್ಚ್ 22ರಂದು ಚಿಮಣಿಗಳನ್ನು ಸ್ಫೋಟಿಸಿ ಬೀಳಿಸಿದರು. ಅದೇ ಜಾಗದಲ್ಲಿ ಈಗ ಡೇಟಾ ಸೆಂಟರಿಗಾಗಿ ಅನಿಲದ ಸ್ಥಾವರ ಬರಲಿದೆ.

ಎತ್ತರದ ಚಿಮಣಿಯ ಕಥೆ ಇಲ್ಲಿ ಮೊದಲೇ ನಡೆದುಹೋಗಿದೆ. ಒಹಾಯೊ, ಪೆನ್ಸಿಲ್ವೇನಿಯಾದ ಹೊಗೆ ನ್ಯೂಯಾರ್ಕಿನ ಬೆಟ್ಟದ ಕೆರೆಗಳಲ್ಲಿ ಆಮ್ಲದ ಮಳೆಯಾಗಿ ಬಿದ್ದು ಮೀನುಗಳು ಸತ್ತವು. 1990ರಲ್ಲಿ ಕಾಯ್ದೆ ತಿದ್ದಿದರು. ಗಂಧಕಕ್ಕೆ ದೇಶಕ್ಕೆಲ್ಲ ಸೇರಿ ಒಂದು ಮಿತಿ ಹಾಕಿ, ಪ್ರತಿ ಸ್ಥಾವರಕ್ಕೂ ಪರವಾನಗಿ ಚೀಟಿಗಳನ್ನು ಹಂಚಿದರು. ಕಡಿಮೆ ಬಿಟ್ಟವನು ಉಳಿದ ಚೀಟಿ ಮಾರಬಹುದು, ಹೆಚ್ಚು ಬಿಡುವವನು ಕೊಳ್ಳಬೇಕು. 1995ರಲ್ಲಿ ಶುರುವಾಯಿತು. 1990ರಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಟನ್ನಿಗೂ ಮೇಲಿದ್ದ ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್ 2020ರ ಹೊತ್ತಿಗೆ ಹತ್ತು ಲಕ್ಷ ಟನ್ನಿನ ಕೆಳಗೆ ಇಳಿದಿತ್ತು. ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಹೋದದ್ದೂ ಇದರಲ್ಲಿ ಸೇರಿದೆ, ಎಲ್ಲವೂ ಚೀಟಿಯ ಮಹಿಮೆಯಲ್ಲ.

ಒಂದು ರಾಜ್ಯದ ಹೊಗೆ ಇನ್ನೊಂದಕ್ಕೆ ಹೋದರೆ ಹೊಣೆ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯಿತು. 2014ರ ಆ ಮೊಕದ್ದಮೆಯ ಹೆಸರಿನಲ್ಲೇ ಹೋಮರ್ ಸಿಟಿ ಇದೆ. ಗಾಳಿ ಬೀಸುವ ದಿಕ್ಕಿನ ರಾಜ್ಯಗಳನ್ನು ಕಾಪಾಡುವ ನಿಯಮವನ್ನು ಕೋರ್ಟ್ ಎತ್ತಿಹಿಡಿಯಿತು. ಇಲ್ಲಿ ಎಲ್ಲವೂ ಸರಿ ಎಂದು ಹೇಳುತ್ತಿಲ್ಲ. 2025ರ ಏಪ್ರಿಲಿನಲ್ಲಿ ಪಾದರಸ ಮತ್ತು ವಿಷಲೋಹಗಳ ಹೊಸ ಮಿತಿಯಿಂದ ಹಲವಾರು ಸ್ಥಾವರಗಳಿಗೆ ಎರಡು ವರ್ಷದ ವಿನಾಯಿತಿಯನ್ನು ಅಧ್ಯಕ್ಷರೇ ಘೋಷಿಸಿದರು. ಮಾಸ್ತರರ ವಿದ್ಯಾರ್ಥಿನಿಯ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಬೇರೆ. ಚೀಟಿ ವ್ಯವಹಾರ ನಡೆಯಲು ಮೊದಲು ಬೇಕಾದದ್ದು ಚಿಮಣಿಯ ಒಳಗೆ ಸದಾ ಓಡುವ ಮಾಪಕ, ಅದರ ಅಂಕಿ ಎಲ್ಲರಿಗೂ ತೆರೆದಿರುವುದು. ಅಂಕಿ ಬರದಿದ್ದ ಗಂಟೆಗೆ ಸ್ಥಾವರಕ್ಕೆ ಪ್ರತಿಕೂಲವಾಗುವಂಥ ಹೆಚ್ಚಿನ ಅಂಕಿಯನ್ನು ತುಂಬುವುದು ಇಲ್ಲಿನ ಪದ್ಧತಿ. ಮಾಪಕ ಕೆಟ್ಟರೆ ನಷ್ಟ ಅವರಿಗೇ. ಅದಕ್ಕೇ ಕೆಡುವುದಿಲ್ಲ!

ಕರಾವಳಿಗ | ಸೋಮವಾರ, ಮಧ್ಯಾಹ್ನ 1.20

ನಂದಿಕೂರಿನ ವಿಷಯ ಯಾರೂ ಎತ್ತಲಿಲ್ಲ. ಅಲ್ಲಿನ ಸ್ಥಾವರ ಯುಪಿಸಿಎಲ್‌ನ 600 ಮೆಗಾವ್ಯಾಟಿನ ಎರಡೂ ಘಟಕಗಳಲ್ಲಿ ಎಫ್‌ಜಿಡಿ ಇದೆ, ಕಲ್ಲಿದ್ದಲು ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಹಾಗೆಂದು ತಗಾದೆ ನಿಂತಿತೇ? ಮಲ್ಲಿಗೆ ಬೆಳೆಗಾರರ ದೂರು, ಬಾವಿಯ ನೀರಿನ ದೂರು, ಬೂದಿಯ ದೂರು ವರ್ಷಗಟ್ಟಲೆ ನಡೆದು, 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಆದ್ದರಿಂದ ಎಫ್‌ಜಿಡಿ ಬಂದರೆ ಸ್ವರ್ಗ ಎಂದು ಯಾರೂ ತಿಳಿಯುವುದು ಬೇಡ. ಯಂತ್ರ ಇರುವುದು ಒಂದು, ನೋಡಿಕೊಳ್ಳುವುದು ಇನ್ನೊಂದು.

ಲೆಕ್ಕಪತ್ರ | ಸೋಮವಾರ, ಸಂಜೆ 6.45

ಪಿಟ್ಸ್‌ಬರ್ಗಿನವರ ಕೊನೆಯ ಸಾಲು ನನ್ನ ನಿಲುವನ್ನು ಸ್ವಲ್ಪ ಅಲ್ಲಾಡಿಸಿತು. ನಿನ್ನೆ ಖರ್ಚಿನ ಒಂದು ಮುಖ ಮಾತ್ರ ಬರೆದೆ. ದಂಡದ ಮುಖವನ್ನೂ ಬರೆಯಬೇಕು.

2021ರ ಆದೇಶದಲ್ಲಿ ಗಡುವು ಮೀರಿದ ಎ ಗುಂಪಿನ ಸ್ಥಾವರ ಯೂನಿಟ್ಟಿಗೆ 10 ಪೈಸೆಯಿಂದ ಶುರುವಾಗಿ ವರ್ಷ ಕಳೆದ ಮೇಲೆ 20 ಪೈಸೆ ಪರಿಸರ ಪರಿಹಾರ ಕಟ್ಟಬೇಕು ಎಂದಿತ್ತು. ಎಫ್‌ಜಿಡಿ ಹಾಕಿದರೆ 25ರಿಂದ 30 ಪೈಸೆ. ಯಾವ ಶೆಟ್ಟರ ಅಂಗಡಿಯ ಗುಮಾಸ್ತನನ್ನು ಕೇಳಿದರೂ ಯಾವುದು ಲಾಭ ಎಂದು ಹೇಳುತ್ತಾನೆ. 2022ರಲ್ಲಿ ಪರಿಹಾರವನ್ನು ದುಪ್ಪಟ್ಟು ಮಾಡಿದರು; ಅದೇ ಆದೇಶದಲ್ಲಿ ಗಡುವನ್ನೂ ಎರಡು ವರ್ಷ ಮುಂದೆ ಹಾಕಿದರು. ಕಟ್ಟುವ ಪ್ರಮೇಯವೇ ಬರಲಿಲ್ಲ.

ಇನ್ನು 1981ರ ವಾಯು ಕಾಯ್ದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ ಮೀರಿದರೆ ಒಂದೂವರೆ ವರ್ಷದಿಂದ ಆರು ವರ್ಷದ ತನಕ ಜೈಲು ಎಂದಿತ್ತು. ಯಾರೂ ಹೋಗಿ ಕುಳಿತದ್ದನ್ನು ನಾನು ಕಂಡಿಲ್ಲ, ಆದರೆ ಭಯವಾದರೂ ಇತ್ತು. 2024ರ ಏಪ್ರಿಲ್ 1ರಿಂದ ಅದು ಹಣದ ದಂಡವಾಗಿದೆ, 10 ಸಾವಿರದಿಂದ 15 ಲಕ್ಷದ ತನಕ. 210 ಮೆಗಾವ್ಯಾಟಿನ ಘಟಕ ಪೂರ್ತಿ ಓಡಿದರೆ ದಿನಕ್ಕೆ 50 ಲಕ್ಷ ಯೂನಿಟ್. ಯೂನಿಟ್ಟಿಗೆ ನಾಲ್ಕು ರೂಪಾಯಿ ಹಿಡಿದರೂ ದಿನದ ವಹಿವಾಟು ಎರಡು ಕೋಟಿ. 15 ಲಕ್ಷ ಎಂದರೆ ಎರಡು ಗಂಟೆಯ ಮಾಲೂ ಅಲ್ಲ.

ಚೀನಾದಲ್ಲಿಯೂ ಮೊದಲು ಯಂತ್ರ ಹಾಕಿ ಓಡಿಸದೆ ಬಿಡುತ್ತಿದ್ದರಂತೆ. ಗಂಧಕ ತೆಗೆದ ವಿದ್ಯುತ್ತಿಗೆ ಯೂನಿಟ್ಟಿಗೆ ಒಂದೂವರೆ ಫೆನ್ (ಅವರ ಪೈಸೆ) ಹೆಚ್ಚು ಬೆಲೆ ಕೊಟ್ಟು, ಮಾಪಕದ ಅಂಕಿ ನೋಡಿ ಓಡಿಸದ ಗಂಟೆಗಳಿಗೆ ಆ ಹಣವನ್ನು ದಂಡದೊಂದಿಗೆ ಕಿತ್ತುಕೊಂಡ ಮೇಲೆ ಯಂತ್ರಗಳು ಓಡಿದವು. ಓಡಿಸಿದವನಿಗೆ ಹಣ, ನಿಲ್ಲಿಸಿದವನಿಗೆ ನಷ್ಟ. ನಮ್ಮಲ್ಲಿ ಇಷ್ಟು ಸರಳವಾದದ್ದನ್ನು ಹತ್ತು ವರ್ಷದಲ್ಲಿ ಮಾಡಲಾಗಲಿಲ್ಲ ಎಂದು ದರ ವಿಭಾಗದಲ್ಲಿದ್ದವನಾಗಿ ನನಗೂ ನಾಚಿಕೆ ಇದೆ.

ಗಾಳಿಮಾಪಕ | ಸೋಮವಾರ, ರಾತ್ರಿ 9.30

ಮಾಪಕಗಳು ನಮ್ಮಲ್ಲಿಯೂ ಇವೆ. ದೊಡ್ಡ ಮಾಲಿನ್ಯದ ಉದ್ಯಮಗಳೆಲ್ಲ ಚಿಮಣಿಗೆ ಆನ್‌ಲೈನ್ ಮಾಪಕ ಹಾಕಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿತು. ಸೂರತ್ತಿನಲ್ಲಿ 2019ರಿಂದ ಅದೇ ಮಾಪಕಗಳ ಆಧಾರದ ಮೇಲೆ ದೂಳಿನ ಚೀಟಿ ವ್ಯವಹಾರ ನಡೆದು, ಸೇರಿದ ಕಾರ್ಖಾನೆಗಳ ದೂಳು 20ರಿಂದ 30 ಶೇಕಡಾ ಇಳಿಯಿತು. ಅವು ಬಟ್ಟೆ ಕಾರ್ಖಾನೆಗಳ ಸಣ್ಣ ಬಾಯ್ಲರುಗಳು, ವಿದ್ಯುತ್ ಸ್ಥಾವರಗಳಲ್ಲ. ಆದರೂ ನಮ್ಮ ನೆಲದಲ್ಲಿ ಆಗುವುದಿಲ್ಲ ಎನ್ನುವಂತಿಲ್ಲ.

ಮಾಸ್ತರೇ, ನಿಮ್ಮ ಸ್ಥಾವರದ ಗೇಟಿನ ಹೊರಗೆ ಅಂಕಿ ತೋರಿಸುವ ಫಲಕ ಇರಬೇಕಲ್ಲ?

ಶಾಲೆಮಾಸ್ತರ | ಬುಧವಾರ, ರಾತ್ರಿ 8.15

ಇದೆ. ಕೆಂಪು ಅಕ್ಷರದ ಫಲಕ. ಅದರ ಬಗ್ಗೆ ಬರೆಯಲೆಂದೇ ಕುಳಿತೆ.

ಮಂಗಳವಾರ ತರಗತಿಯಲ್ಲಿ ಗಂಧಕ ಬೇರೆ, ಬೂದಿ ಬೇರೆ ಎಂದು ವಿವರಿಸಿದೆ. ನಿವೃತ್ತ ಬಾಯ್ಲರ್ ಅವರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿದೆ, ಶೇಕಡಾವಾರು ಪಾಠ ಇಷ್ಟು ಗಮನವಿಟ್ಟು ಮಕ್ಕಳು ಎಂದೂ ಕೇಳಿರಲಿಲ್ಲ. ಗೇಟಿನ ಫಲಕದಲ್ಲಿ ಪಿಎಂ ಎಂದು ಬರುವುದೇ ಬೂದಿಯ ಅಂಕಿ ಎಂದಾಗ ಆ ಹುಡುಗಿ ಎದ್ದು ನಿಂತು, "ಅದನ್ನು ನಾನು ಬರೆದುಕೊಂಡಿದ್ದೇನೆ ಸರ್" ಎಂದಳು. ಅವಳ ಬಸ್ಸು ದಿನಾ ಆ ಗೇಟಿನ ಮುಂದೆಯೇ ಹಾಯುತ್ತದೆ. ಕಿಟಕಿಯ ಪಕ್ಕ ಕೂತು ಬೇಸರಕ್ಕೆ ಬರೆದದ್ದಂತೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹತ್ತೊಂಬತ್ತು ದಿನದ ಅಂಕಿಗಳು: 46, 46, 47, 46, 46, 46, ಮತ್ತೆ 47. ನಡುವೆ ನಾಲ್ಕು ದಿನ ಅಂಕಿಯಿಲ್ಲ, "ಆರಿದೆ" ಎಂದು ಬರೆದಿದ್ದಾಳೆ.

ಆ ನಾಲ್ಕು ದಿನಗಳಲ್ಲಿ ಏನಾಗಿತ್ತು ಎಂದು ತಿಳಿಯಲು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ನನ್ನ ಹೆಸರಿನಲ್ಲಿ ಹಾಕಲು ಧೈರ್ಯ ಸಾಲದೆ ನಿನ್ನೆ ರಾತ್ರಿಯೆಲ್ಲ ಮೇಜಿನ ಮೇಲೆ ಇಟ್ಟಿದ್ದೆ. ಇಂದು ಅಂಚೆಗೆ ಹಾಕಿದೆ. ಮೂವತ್ತು ದಿನ ಕಾಯಬೇಕು.

ನಿವೃತ್ತ ಬಾಯ್ಲರ್ | ಬುಧವಾರ, ರಾತ್ರಿ 9.05

ದಿನದಿಂದ ದಿನಕ್ಕೆ ಒಂದೇ ಅಂಕಿ ಬರುವ ಮಾಪಕವನ್ನು ನನ್ನ ಮೂವತ್ತೆರಡು ವರ್ಷದಲ್ಲಿ ಕಂಡಿಲ್ಲ. ಕಲ್ಲಿದ್ದಲು ತರುವ ರೈಲಿನ ರೇಕು ಬದಲಾದರೆ, ಲೋಡ್ ಏರಿಳಿದರೆ ಬೂದಿಯೂ ಏರಿಳಿಯಲೇಬೇಕು.

ಅರ್ಜಿಯ ಉತ್ತರಕ್ಕೆ ಕಾಯುವ ತನಕ ಒಂದು ಕೆಲಸ ಮಾಡಿ. ಯಾವ ಘಟಕ ಯಾವ ದಿನ ನಿಂತಿತ್ತು, ಯಾವಾಗ ಮತ್ತೆ ಶುರುವಾಯಿತು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನವೂ ವರದಿ ಹಾಕುತ್ತದೆ. ಹುಡುಗಿಯ "ಆರಿದೆ" ದಿನಗಳನ್ನು ಅದರ ಪಕ್ಕದಲ್ಲಿ ಇಡಿ. ಘಟಕ ನಿಂತ ದಿನ ಫಲಕವೂ ಆರಿದ್ದರೆ ಮಾತಿಲ್ಲ. ಘಟಕ ಓಡುತ್ತಾ ಫಲಕ ಆರಿದ್ದರೆ, ಅಥವಾ ಹೊತ್ತಿಸಿದ ದಿನವೇ ಆರಿದ್ದರೆ, ನನಗೆ ಇಲ್ಲಿ ತಿಳಿಸಿ. ಮುಂದಿನ ಅರ್ಜಿಯಲ್ಲಿ ಯಾವ ರಿಜಿಸ್ಟರಿನ ಯಾವ ಕಲಂ ಕೇಳಬೇಕೆಂದು ನಾನು ಬರೆದುಕೊಡುತ್ತೇನೆ.

ತೊಗರಿಹೊಲ | ಬುಧವಾರ, ರಾತ್ರಿ 9.20

ಮಾಸ್ತರೇ, ಆ ಹುಡುಗಿ ಬರೆದ ತಾರೀಖುಗಳನ್ನು ಇಲ್ಲಿ ಹಾಕಿ. ನಮ್ಮದು ಬೇರೆ ಸ್ಥಾವರವೋ ಅದೇ ಸ್ಥಾವರವೋ ಗೊತ್ತಿಲ್ಲ. ಶಾವಿಗೆ ಹಾಳಾದ ದಿನಗಳು ನನಗೆ ನೆನಪಿವೆ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕಿದ್ದೇನೆ. ನಾಳೆ ಇಳಿಸಿ ನೋಡುತ್ತೇನೆ.